ಮಡಿ ಪಂಪು

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲ ದಿನ ಸ್ನಾನ ಮಾಡುವುದಿಲ್ಲ. ಸೋಮಾರಿಗಳೆಂದಲ್ಲ. ನಲ್ಲಿ ತಿರುಗಿಸಿ, ಖಾಲಿ ಬಕೆಟ್ಟಿನ ಮುಂದೆ ನಿಂತು, ನಲ್ಲಿಗೆ ನಾಲ್ಕು ಗುದ್ದು ಕೊಟ್ಟು, ಮನೆ ಮಾಲೀಕರನ್ನು ಬೈದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬೀದಿಗೆ ಬರುತ್ತಾರೆ. ಆಗ ಪಕ್ಕದ ಮನೆಯವರು ಯಾರಾದರೂ "ಕರೆದ್ರಾ?" ಎಂದು ಕೇಳುತ್ತಾರೆ. "ಯಾರನ್ನ?" ಎಂದು ಇವರು. "ನೀರನ್ನ" ಎಂದು ಅವರು. ಇವರು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಯಾರಿಗೂ ಕೇಳಿಸದ ಹಾಗೆ ನಾಚಿಕೊಂಡು "ಬಾರಮ್ಮ" ಎನ್ನುತ್ತಾರೆ. ಅಲ್ಲಿಂದಾಚೆಗೆ ಅವರೂ ಊರಿನವರೇ.

ನೀರು ಸಾಧು, ಒಂದು "ಬಾರಮ್ಮ"ನಿಗೆ ಬರುತ್ತದೆ. ಹಾಲಿಗೆ "ಬಾ ಮರಿ" ಅನ್ನಬೇಕು. ಹರಳೆಣ್ಣೆಯನ್ನು ಒಂದು ಸಲ ಕರೆದು ಬೇರೆ ಕೆಲಸ ನೋಡಿಕೊಳ್ಳಬೇಕು, ಅದು ತನ್ನ ಹೊತ್ತಿಗೆ ಬರುತ್ತದೆ. ಸೀಮೆಎಣ್ಣೆ ಬೈದರೆ ಮಾತ್ರ ಕೇಳುವ ಜಾತಿಯದು. ಮದುವೆಮನೆಗಳಲ್ಲಿ ಸಾರು ಬಡಿಸುವವರು ಸೌಟು ಬಗ್ಗಿಸಿ "ಬನ್ನಿ ಬನ್ನಿ" ಎನ್ನುತ್ತಾ ಹೋಗುವಾಗ, ತಮ್ಮನ್ನೇ ಕರೆದರೆಂದು ಎಲೆ ಬಿಟ್ಟು ಎದ್ದುನಿಂತ ಪರವೂರಿನ ಬೀಗರೂ ಉಂಟು. ಮಳೆಯೊಂದೇ ಕರೆಯದೆ ಬರುತ್ತದೆ. ಅದು ನಮ್ಮ ಊರಿನದಲ್ಲ, ಅದರ ಮಾತು ಬಿಡಿ.

ಊರಾಚೆ ಒಂದು ಕಂಪ್ಯೂಟರ್ ಚಿಪ್ ಕಾರ್ಖಾನೆ ಇದೆ. ಅಲ್ಲಿ ಪಂಪುಗಳ ವಿನ್ಯಾಸ ಮಾಡುವವಳು ನಾನು, ಹೆಸರು ಮಂದಾಕಿನಿ. ಪಂಪು ಅಂದಕೂಡಲೇ ಜನಕ್ಕೆ ಬೋರ್‌ವೆಲ್ ನೆನಪಾಗಿ, ಮೋಟರು ಸುಟ್ಟಾಗಲೆಲ್ಲ ನನಗೆ ಫೋನು ಮಾಡುತ್ತಾರೆ. ನನ್ನ ಪಂಪು ಅಂಥದ್ದಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಈಗ "ಫ್ಯೂಸ್ ನೋಡಿ" ಎಂದು ಇಟ್ಟುಬಿಡುತ್ತೇನೆ. ಆಶ್ಚರ್ಯವೆಂದರೆ ಅರ್ಧ ಜನರ ಮೋಟರು ಅದರಿಂದಲೇ ಸರಿಹೋಗುತ್ತದೆ.

ಚಿಪ್ಪುಗಳನ್ನು ಕೊರೆಯುವುದು ಸಿಲಿಕಾನಿನ ತೆಳ್ಳಗಿನ ದುಂಡು ತಟ್ಟೆಗಳ ಮೇಲೆ. ಕಾರ್ಖಾನೆಯಲ್ಲಿ ನಾವು ಅವನ್ನು ಹಪ್ಪಳ ಅನ್ನುತ್ತೇವೆ. ಒಂದು ಕೂದಲೆಳೆಯ ಅಗಲದಲ್ಲಿ ಸಾವಿರ ಗೆರೆ ಎಳೆಯುವ ಕೆಲಸ ಅದು. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಅದರ ಮೇಲೆ ಬಿದ್ದರೆ ಹೆದ್ದಾರಿಗೆ ಬಂಡೆ ಉರುಳಿದ ಹಾಗೆ. ಅದಕ್ಕೇ ಹಪ್ಪಳಗಳನ್ನು ಹೆಜ್ಜೆಹೆಜ್ಜೆಗೂ ಆಮ್ಲದಲ್ಲಿ ತೊಳೆಯುತ್ತಾರೆ. ತೊಳೆಯುವ ಆಮ್ಲ ಹಪ್ಪಳಕ್ಕಿಂತ ಶುದ್ಧವಾಗಿರಬೇಕು, ಆಮ್ಲವನ್ನು ಒಯ್ಯುವ ಪಂಪು ಆಮ್ಲಕ್ಕಿಂತ ಶುದ್ಧವಾಗಿರಬೇಕು. ಪಂಪಿನ ಒಳಗೆ ಲೋಹ ಸೋಕಬಾರದು, ಒಂದು ಭಾಗಕ್ಕೆ ಇನ್ನೊಂದು ಉಜ್ಜಿ ಪುಡಿ ಉದುರಬಾರದು. ಇದಿಷ್ಟನ್ನೂ ಬೇರೆ ಊರುಗಳಲ್ಲೂ ಮಾಡುತ್ತಾರೆ. ನಮ್ಮ ಊರಿನ ಕಷ್ಟ ಏನೆಂದರೆ, ಇಷ್ಟೆಲ್ಲ ಮಾಡಿದ ಮೇಲೂ ಆಮ್ಲವನ್ನು ಕರೆಯಬೇಕು.

ಅದರಲ್ಲೂ ಗಂಧಕಾಮ್ಲವನ್ನು ಕರೆಯುವುದೆಂದರೆ ಸಾಮಾನ್ಯವಲ್ಲ. ಅದಕ್ಕೆ ನಮ್ಮಲ್ಲಿ ದೊಡ್ಡೋರು ಎಂದೇ ಹೆಸರು. ಅಪ್ಪಿತಪ್ಪಿ "ಬಾ" ಎಂದು ಏಕವಚನದಲ್ಲಿ ಕರೆದರೆ ಪೀಪಾಯಿಯೊಳಗೆ ಒಂದು ವಾರ ಮುಖ ತಿರುಗಿಸಿ ಕೂರುತ್ತದೆ. ಇಡೀ ಊರಿನಲ್ಲಿ ದೊಡ್ಡೋರು ಕೇಳುತ್ತಿದ್ದದ್ದು ಒಬ್ಬರ ಮಾತನ್ನು ಮಾತ್ರ. ಅವರು ನನ್ನ ಅಮ್ಮ, ಚೆಲುವಾಂಬ.

ತೊಳೆಯುವ ತೊಟ್ಟಿಗಳ ಪಕ್ಕದಲ್ಲಿ ಅಮ್ಮನಿಗೊಂದು ಗಾಜಿನ ಗೂಡು. ಮಾತಾಡುವ ಬಾಯಿಂದ ಹಾರುವ ತುಂತುರಿಗೆ ಹಪ್ಪಳಗಳ ಒಂದು ವಂಶವೇ ಹಾಳಾಗುವುದರಿಂದ, ಅಮ್ಮನ ಬಾಯಿಗೂ ಆಮ್ಲದ ಕೊಳವೆಗೂ ನಡುವೆ ಟೆಫ್ಲಾನಿನ ತೆಳು ಹಾಳೆ. ಬಿಳಿ ಮೇಲಂಗಿ, ಟೋಪಿ, ಕೈಗವಸು ಎಲ್ಲ ತೊಟ್ಟು ಅಮ್ಮ ಅಲ್ಲಿ ಕೂತು, "ದೊಡ್ಡೋರೇ, ಬನ್ನಿ. ಹೊತ್ತಾಯ್ತು, ದಯಮಾಡಿಸಿ" ಎಂದು ಕರೆದರೆ, ಆಚೆ ತುದಿಯ ಪೀಪಾಯಿಯಿಂದ ಗಂಧಕಾಮ್ಲ ಎದ್ದು, ತಿದಿಯ ಹಾಗೆ ಉಬ್ಬಿ ಇಳಿಯುವ ಹಳೇ ಪಂಪನ್ನು ದಾಟಿ, ಸೋಸುವ ಜಾಲರಿಯನ್ನು ದಾಟಿ, ಅವಳ ದನಿಯ ಕಡೆ ಬರುತ್ತಿತ್ತು. ಬೆಳಗಿನಿಂದ ಸಂಜೆವರೆಗೂ ಇದೇ. ಮಗಳಾದ ನನ್ನನ್ನು ಅವಳು ಒಂದು ದಿನವೂ ದಯಮಾಡಿಸಿ ಎಂದವಳಲ್ಲ. ಒಂದು ಸಲ ಇದನ್ನೇ ಆಡಿ ತೋರಿಸಿದಾಗ, "ನೀನೇನು ಗಂಧಕಾಮ್ಲವೇನೇ? ಬರೀ ಹುಳಿ" ಎಂದಳು.

ತೊಂದರೆ ಎರಡಿತ್ತು. ಮೊದಲನೆಯದು ಕಾರ್ಖಾನೆಯದು. ಅಮ್ಮ ಒಂದೊಂದು ಸಲ "ಬನ್ನಿ" ಎಂದಾಗಲೂ ಆಮ್ಲ ಒಂದು ನೆಗೆತ ನೆಗೆಯುತ್ತಿತ್ತು, ಉಸಿರು ತೆಗೆದುಕೊಳ್ಳುವಾಗ ನಿಲ್ಲುತ್ತಿತ್ತು. ಆ ಕುಲುಕಾಟಕ್ಕೆ ಜಾಲರಿ ನಡುಗಿ, ಅದು ಕಷ್ಟಪಟ್ಟು ಹಿಡಿದಿಟ್ಟ ಧೂಳೆಲ್ಲ ಮತ್ತೆ ಉದುರಿ ಹಪ್ಪಳದ ಮೇಲೆ ಬೀಳುತ್ತಿತ್ತು. ನಮ್ಮ ಮ್ಯಾನೇಜರು ಶೇಷಗಿರಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಉಸಿರು ಹಿಡಿಯಬಲ್ಲ ಸಂಗೀತಗಾರ್ತಿ ಕೋಮಲಮ್ಮನವರನ್ನು ಕರೆಸಿ, ಬನ್ನಿ ಎಂಬುದನ್ನು ಮುರಿಯದೆ ಎಳೆದು ಹಾಡಿಸಿದರು. ದೊಡ್ಡೋರಿಗೂ ಕುತೂಹಲವಾಗಿರಬೇಕು, ಬಂದರು. ಆದರೆ ಕೋಮಲಮ್ಮನವರಿಗೆ ಗಮಕ ಬಿಟ್ಟು ಹಾಡಿ ಗೊತ್ತಿಲ್ಲ. ಅವರು ಸ್ವರ ಅಲ್ಲಾಡಿಸಿದಂತೆಲ್ಲ ಆಮ್ಲವೂ ಕೊಳವೆಯಲ್ಲಿ ಅಲ್ಲಾಡಿ, ಜಾಲರಿ ಕಿತ್ತುಕೊಂಡೇ ಬಂತು. ಅಮ್ಮ ಮೂರು ದಿನ ಆ ಖುಷಿಯಲ್ಲೇ ಇದ್ದಳು.

ಎರಡನೆಯ ತೊಂದರೆ ಅಮ್ಮನ ಗಂಟಲಿನದು. ದನಿ ಬರುಬರುತ್ತಾ ಒಡೆಯುತ್ತಿತ್ತು. ಸಂಜೆ ಮನೆಗೆ ಬಂದರೆ ಬರೀ ಗಾಳಿ. ಡಾಕ್ಟರು ಗಂಟಲಿಗೆ ದೀಪ ಬಿಟ್ಟು ನೋಡಿ, "ಹೀಗೇ ಕೂಗ್ತಾ ಇದ್ರೆ ದನಿ ಪೂರ್ತಿ ಹೋಗತ್ತಮ್ಮ. ಹೋದ್ಮೇಲೆ ವಾಪಸ್ ತರೋದು ನನ್ನ ಕೈಲಿಲ್ಲ" ಅಂದರು.

"ಕೂಗೋದಲ್ಲ, ಕರೆಯೋದು" ಎಂದಳು ಅಮ್ಮ, ಇದ್ದ ಅಷ್ಟೇ ದನಿಯಲ್ಲಿ.

ನಮ್ಮ ಊರಿನಲ್ಲಿ ದನಿ ಹೋಗುವುದೆಂದರೆ ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಹುಟ್ಟಿನಿಂದ ಮಾತಿಲ್ಲದವರ ಕೈಸನ್ನೆಗೆ ನೀರು ಬರುತ್ತದೆ, ಚಿಕ್ಕಂದಿನಿಂದ ನೋಡಿ ಅದಕ್ಕೆ ಅಭ್ಯಾಸ. ಮಾತಿದ್ದು ಕಳೆದುಕೊಂಡವರ ಸನ್ನೆ ಅದಕ್ಕೆ ಅರ್ಥವಾಗುವುದಿಲ್ಲ. ಅಂಥವರು ಬಾಯಾರಿದಾಗಲೂ ಇನ್ನೊಬ್ಬರು ಬಂದು ಕರೆಯಲಿ ಎಂದು ಲೋಟ ಹಿಡಿದು ಕಾಯಬೇಕು. ಇಡೀ ಕಾರ್ಖಾನೆಯನ್ನು ಕಣ್ಣಲ್ಲೇ ಆಳುತ್ತಿದ್ದ ನನ್ನ ಅಮ್ಮ ಒಂದು ಲೋಟ ನೀರಿಗೆ ಕಾಯುವುದನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಕೆಲಸ ಬಿಡು ಎಂದು ಜಗಳ ಮಾಡಿದೆ. "ಬಿಟ್ರೆ ದೊಡ್ಡೋರು ಯಾರ ಮುಖ ನೋಡ್ತಾರೆ?" ಎಂದಳು. ಅವರಿಗೆ ಮುಖವೇ ಇಲ್ಲ ಎಂದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟಳು, ಗಂಟಲಿಗೆ ಅಷ್ಟಾದರೂ ಒಳ್ಳೆಯದಾಯಿತು.

ಹಾಗಾಗಿ ನಾನು ಕರೆಯದೆಯೇ ನಡೆಯುವ ಪಂಪು ಮಾಡಲು ಕೂತೆ. ಒಂದು ಚಕ್ರ ಮಾಡಿದೆ. ಅದಕ್ಕೆ ಅಚ್ಚಿಲ್ಲ, ಆಧಾರವಿಲ್ಲ. ಹೊರಗಿನಿಂದ ಅಯಸ್ಕಾಂತಗಳು ಅದನ್ನು ಎತ್ತಿ ಹಿಡಿದಿರುತ್ತವೆ, ಅವೇ ತಿರುಗಿಸುತ್ತವೆ. ಆಮ್ಲದ ನಡುವೆ ತೇಲುತ್ತಾ, ಗೋಡೆಗೂ ಸೋಕದೆ, ನೆಲಕ್ಕೂ ಸೋಕದೆ ತಿರುಗುತ್ತದೆ. ಉಜ್ಜುವ ಮಾತಿಲ್ಲ, ಪುಡಿ ಉದುರುವ ಮಾತಿಲ್ಲ, ನೆಗೆತವಂತೂ ಇಲ್ಲವೇ ಇಲ್ಲ. ಅಮ್ಮ ಒಂದು ದಿನ ಬಂದು ಸುತ್ತ ನೋಡಿ, "ಯಾರನ್ನೂ ಮುಟ್ಟಲ್ವೇ ಇದು? ನಿಮ್ಮಜ್ಜಿ ಮಡಿ ಉಟ್ಕೊಂಡು ಅಡುಗೆಮನೇಲಿ ಓಡಾಡ್ತಿದ್ದ ಹಾಗಿದೆ" ಎಂದಳು. ಮಡಿ ಪಂಪು ಎಂಬ ಹೆಸರು ಆವತ್ತೇ ಅಂಟಿಕೊಂಡಿತು. ಕಂಪನಿಯ ಕಾಗದದಲ್ಲಿ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ, ಯಾರೂ ಹೇಳುವುದಿಲ್ಲ.

ಚಕ್ರವೇನೋ ಚೆನ್ನಾಗಿ ತಿರುಗಿತು. ದೊಡ್ಡೋರು ಪೀಪಾಯಿ ಬಿಟ್ಟು ಅಲುಗಲಿಲ್ಲ. ವೇಗ ಹೆಚ್ಚಿಸಿ ಸೆಳೆದೆ. ಕೈಹಿಡಿದು ಎಳೆದರೆ ಯಾವ ಹಿರಿಯರು ಬರುತ್ತಾರೆ? ಇನ್ನಷ್ಟು ಬಿಗಿದುಕೊಂಡು ಕೂತರು. ನಾನು ಹಲ್ಲು ಕಚ್ಚಿಕೊಂಡು ತಿಂಗಳುಗಟ್ಟಲೆ ಚಕ್ರದ ರೆಕ್ಕೆಗಳನ್ನು ಬಗ್ಗಿಸಿದೆ, ನೆಟ್ಟಗೆ ಮಾಡಿದೆ, ಸಿಕ್ಕಿದವರ ಮೇಲೆಲ್ಲ ರೇಗಿದೆ. ಇದರ ನಡುವೆ ಮುಖ್ಯ ಕಚೇರಿಯಿಂದ ಸುದ್ದಿ ಬಂತು. ಮಿರಜಕರ್ ಎಂಬ ಅಧಿಕಾರಿ ಬರುತ್ತಾರೆ, ಹೊಸ ಪಂಪಿನ ಪರೀಕ್ಷೆ ನೋಡುತ್ತಾರೆ. ಗೆದ್ದರೆ ಸರಿ. ಇಲ್ಲದಿದ್ದರೆ ಹಳೇ ಪಂಪಿಗೇ ಅಮ್ಮನನ್ನು ಇನ್ನೂ ಹೆಚ್ಚು ಹೊತ್ತು ಕೂರಿಸುತ್ತಾರೆ. ಅಮ್ಮ ಇದಕ್ಕೆ ಆಗಲೇ ಒಪ್ಪಿಯೂ ಬಿಟ್ಟಿದ್ದಳು.

ದಾರಿ ಸಿಕ್ಕಿದ್ದು ಡಾಕ್ಟರ ಮನೆಯ ಬೆಂಚಿನ ಮೇಲೆ. ಆವತ್ತು ಅಮ್ಮನಿಗೆ ಇಡೀ ದಿನ ಮಾತಾಡಬಾರದೆಂದು ಅಪ್ಪಣೆಯಾಗಿತ್ತು. ಬೆಂಚು ತುಂಬಿತ್ತು. ಜರಿ ಶಲ್ಯದ ಭಾರಿ ಆಳೊಬ್ಬರು ಬಂದು ನಿಂತರು. "ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ" ಎಂದರು ಒಬ್ಬರು. "ಪರವಾಗಿಲ್ಲ" ಎಂದರು ಅವರು. ಇನ್ನೊಬ್ಬರು ಕರೆದರು. "ಪರವಾಗಿಲ್ಲ ಪರವಾಗಿಲ್ಲ." ಮತ್ತೊಬ್ಬರು ತೋಳು ಹಿಡಿದು ಎಳೆಯಲು ಹೋದರು, ಅವರಿಗೆ ಕೋಪವೇ ಬಂತು. ಅಮ್ಮ ಬಾಯಿ ತೆಗೆಯುವಂತಿಲ್ಲವಲ್ಲ. ಸುಮ್ಮನೆ ನನ್ನನ್ನು ತಳ್ಳಿಕೊಂಡು ಪಕ್ಕಕ್ಕೆ ಸರಿದಳು. ನಡುವೆ ಒಂದಿಷ್ಟು ಜಾಗ ಆಯಿತು. ಆ ಯಜಮಾನರು ಯಾರ ಮುಖವನ್ನೂ ನೋಡದೆ ಬಂದು ಆ ಜಾಗದಲ್ಲಿ ಕೂತರು.

ನಾನು ಎದ್ದು ಕಾರ್ಖಾನೆಗೆ ಓಡಿದೆ. ಅಮ್ಮನನ್ನು ಅಲ್ಲೇ ಬಿಟ್ಟು ಬಂದದ್ದು ನೆನಪಾದದ್ದು ಮಧ್ಯಾಹ್ನ. ಅದಕ್ಕೆ ಬೈಗುಳ ಮಾರನೆಯ ದಿನ ಸಿಕ್ಕಿತು. ಆದರೆ ಅಷ್ಟರಲ್ಲಿ ಚಕ್ರದ ನಡುವಿನ ಕಣ್ಣನ್ನು ಅಗಲ ಮಾಡಿದ್ದೆ, ರೆಕ್ಕೆಗಳನ್ನು ಇಳಿಜಾರು ಮಾಡಿದ್ದೆ. ಈಗ ಚಕ್ರ ನಿಧಾನವಾಗಿ ತಿರುಗಿ, ತನ್ನ ನಡುವಿನಲ್ಲಿದ್ದುದನ್ನು ಅಂಚಿಗೆ ಸರಿಸಿ, ನಡುವೆ ಜಾಗ ಬಿಟ್ಟುಕೊಡುತ್ತಿತ್ತು. ಅಷ್ಟೇ. ಕರೆಯುವುದಿಲ್ಲ, ಎಳೆಯುವುದೂ ಇಲ್ಲ.

ಪರೀಕ್ಷೆಯ ದಿನ ಮಿರಜಕರ್ ಬಂದರು. ಒಳ್ಳೆಯ ಮನುಷ್ಯ, ಆದರೆ ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು ಬಾ, ಹೋಗು, ಕೂತ್ಕೋ ಎಂಬ ಮೂರು ಮಾತು. ಬೆಳಿಗ್ಗೆಯಿಂದ ಅತಿಥಿಗೃಹದಲ್ಲಿ ಕಾಫಿ ಸಿಕ್ಕಿರಲಿಲ್ಲವೆಂದು ಕಾಣುತ್ತದೆ, ಮುಖ ಗಂಟಾಗಿತ್ತು. ಶೇಷಗಿರಿ ಅವರ ಪಕ್ಕ ನಿಂತು ಬೆವರುತ್ತಿದ್ದರು. ಅಮ್ಮ ತನ್ನ ಗೂಡಿನಲ್ಲಿ ಕೂತಿದ್ದಳು, ಬೇಡವೆಂದರೂ ಬಂದಿದ್ದಳು. ನಾನು ಗುಂಡಿ ಒತ್ತಿದೆ. ಚಕ್ರ ತೇಲಿತು, ತಿರುಗಿತು. ಪಾರದರ್ಶಕ ಕೊಳವೆಯಲ್ಲಿ ಗಂಧಕಾಮ್ಲ ಪೀಪಾಯಿಯಿಂದ ಹೊರಟು, ನಡುಗದೆ ನೆಗೆಯದೆ, ಗಂಭೀರವಾಗಿ ನಡೆದು ಬಂದು ಪಂಪಿನ ಒಳಗೆ ಹೊಕ್ಕಿತು.

ಎಲ್ಲರೂ ಉಸಿರು ಬಿಟ್ಟರು. ಅಮ್ಮ ಮಾತ್ರ ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದಳು. "ಕರೀದೇ ಬಂದ್ರಾ?" ಎಂದಳು. ಇಷ್ಟು ವರ್ಷ ಗಂಟಲು ಹರಿದುಕೊಂಡು ಕರೆದವಳು. ಕರೆಯದೆಯೂ ಬರುತ್ತಿದ್ದರು ಎಂದಾದರೆ ಅವಳು ಅಲ್ಲಿ ಕೂತು ಮಾಡಿದ್ದೇನು? ಅವಳ ದನಿ ಉಳಿಸಲು ಹೋಗಿ ಅವಳ ಮರ್ಯಾದೆ ಕಳೆದೆನಲ್ಲ ಎನಿಸಿತು.

ಹಾಗೆ ಅಂದುಕೊಳ್ಳಲೂ ಹೆಚ್ಚು ಹೊತ್ತು ಸಿಗಲಿಲ್ಲ. ಒಳಗೆ ಬಂದ ದೊಡ್ಡೋರು ಆಚೆ ಹೋಗುತ್ತಿರಲಿಲ್ಲ. ಪಂಪಿನಲ್ಲೇ ಕೂತು, ಚಕ್ರದ ಜೊತೆ ಸುತ್ತುತ್ತಾ, ಉಯ್ಯಾಲೆಯಲ್ಲಿ ಕೂತ ಬೀಗರ ಹಾಗೆ ಆರಾಮಾಗಿದ್ದರು. ನಾನು ಕೊಳವೆಗಳನ್ನು ವೃತ್ತವಾಗಿ ಜೋಡಿಸಿದ್ದೆ. ಆಮ್ಲ ಪಂಪಿನಿಂದ ಜಾಲರಿಗೆ, ಅಲ್ಲಿಂದ ತೊಟ್ಟಿಗಳ ಪಕ್ಕಕ್ಕೆ, ಬೇಕಾದಷ್ಟು ಕೊಟ್ಟು ಉಳಿದದ್ದು ಮತ್ತೆ ಪೀಪಾಯಿಗೆ ಬರಬೇಕು. ನಿಂತರೆ ಕೊಳೆ ಕೂಡುತ್ತದೆ, ಅದಕ್ಕೇ ಸದಾ ತಿರುಗುತ್ತಿರಬೇಕು. ಹಳೇ ಪಂಪಿನಲ್ಲಿ ಆಚೆ ತುದಿಯಿಂದ ಅಮ್ಮ ಕರೆಯುತ್ತಿದ್ದಳು, ಅವಳ ಕಡೆ ಹೋಗುತ್ತಿತ್ತು. ಈಗ ಅಲ್ಲಿ ಕರೆಯುವವರಿಲ್ಲ. ಬರಮಾಡಿಕೊಳ್ಳುವುದನ್ನು ನಾನು ಯೋಚಿಸಿದ್ದೆ, ಕಳಿಸಿಕೊಡುವುದನ್ನು ಯೋಚಿಸಿರಲಿಲ್ಲ. ನಮ್ಮ ಊರಿನವರಲ್ಲದೆ ಇನ್ಯಾರೂ ಇಂಥ ತಪ್ಪು ಮಾಡಲಾರರು. ನಮಗೆ ಕರೆದು ಕರೆದೇ ಅಭ್ಯಾಸ.

ಮಿರಜಕರ್ ಗಡಿಯಾರ ನೋಡಿದರು. ಆಮೇಲೆ ಪಂಪಿನ ಹತ್ತಿರ ಬಗ್ಗಿ, ತಮಗೆ ಬರುವ ಕನ್ನಡದಲ್ಲಿ ಗಟ್ಟಿಯಾಗಿ "ಹೋಗು!" ಎಂದರು.

ಹೋಗು ಎಂಬ ಮಾತನ್ನು ನಮ್ಮ ಊರಿನಲ್ಲಿ ಬಚ್ಚಲ ನೀರಿಗೂ ಯಾರೂ ಅನ್ನುವುದಿಲ್ಲ. ಪಂಪಿನೊಳಗಿನ ಆಮ್ಲ ತಟ್ಟನೆ ನಿಂತಿತು. ಚಕ್ರ ನರಳಿತು. ಒತ್ತಡದ ಮುಳ್ಳು ಮೇಲೇರತೊಡಗಿತು. ಮಿರಜಕರ್ ಗಾಬರಿಯಾಗಿ ನೀರಿನ ಬಾಟಲಿ ಎತ್ತಿದರು, ಅದರಲ್ಲಿದ್ದ ನೀರೂ ಅವರ ಬಾಯಿಗೆ ಬರಲಿಲ್ಲ.

"ಚೆಲುವಾಂಬನೋರೇ, ನೀವೇ ಏನಾದ್ರೂ ಹೇಳಿ" ಎಂದರು ಶೇಷಗಿರಿ ಕೈಮುಗಿದು.

"ಅಮ್ಮ ಹೇಳಲ್ಲ" ಎಂದೆ. "ಪರೀಕ್ಷೆ ಸೋತ್ರೆ ಸೋಲಲಿ. ನಾನು ಪಂಪು ನಿಲ್ಲಿಸ್ತೀನಿ."

ಅಮ್ಮ ಗೂಡಿನ ಬಾಗಿಲು ತೆಗೆದು ಬಂದು ನನ್ನ ಕೈ ಹಿಡಿದಳು. "ಮನೆಗೆ ಬಂದವ್ರನ್ನ ಹಿಂಗಾ ಕಳ್ಸೋದು?" ಎಂದು ಪಿಸುಗುಟ್ಟಿದಳು. "ಜಾಗ ಮಾಡಿ ಕೂರಿಸ್ದೆ, ಅದೇನೋ ಸರಿ. ಕಳ್ಸೋವಾಗ ಒಂದು ಮಾತು ಬೇಡ್ವೇನೇ?"

"ನಿನ್ನ ಗಂಟಲು ಹೋಗತ್ತೆ ಅಮ್ಮ."

"ನನ್ನ ಗಂಟಲು ನಂದು."

"ಮೆಲ್ಲಗೆ ಹೇಳಿದ್ರೆ ಆಗಲ್ವಾ?"

"ಮೆಲ್ಲಗೆ ಹೇಳಿದ್ರೆ ಬಾಯಿಮಾತಿಗೆ ಹೇಳ್ದಂಗಾಗತ್ತೆ. ಸರಿ ಆ ಕಡೆ."

ನಾನು ಸರಿಯಲಿಲ್ಲ. ಅವಳು ನನ್ನನ್ನು ಸುತ್ತುಹಾಕಿ ಹೋಗಿ ಗೂಡಿನಲ್ಲಿ ಕೂತು, ಸೆರಗು ಸರಿಮಾಡುವವಳ ಹಾಗೆ ಮೇಲಂಗಿ ಸರಿಮಾಡಿಕೊಂಡು, ಟೆಫ್ಲಾನ್ ಹಾಳೆಯ ಹತ್ತಿರ ಮುಖ ತಂದಳು. ಎದೆ ತುಂಬ ಉಸಿರು ಎಳೆದುಕೊಂಡಳು.

"ದೊಡ್ಡೋರೇ," ಎಂದಳು, ಇಡೀ ಕಾರ್ಖಾನೆಗೆ ಕೇಳುವಂತೆ, "ಹೋಗಿ ಬನ್ನಿ."

ಕೊನೆಯ ಅಕ್ಷರ ಅರ್ಧ ಬಂತು, ಇನ್ನರ್ಧ ಹರಿದುಹೋಯಿತು. ಆಮ್ಲ ಹೊರಟಿತು. ಒಂದೇ ಸಮನೆ, ಒಂದು ಕುಲುಕೂ ಇಲ್ಲದೆ ಜಾಲರಿ ದಾಟಿ, ತೊಟ್ಟಿಗಳನ್ನು ದಾಟಿ, ಸುತ್ತು ಹಾಕಿಕೊಂಡು ಪೀಪಾಯಿಗೆ ಬಂತು. ಬಂದದ್ದು ಅಲ್ಲಿ ನಿಲ್ಲಲಿಲ್ಲ. ಹೋಗಿ ಬನ್ನಿ ಎಂದರಲ್ಲ, ಬಂದಾಯಿತು, ಇನ್ನು ಮತ್ತೆ ಹೋಗಬೇಕು. ಹೋದರೆ ಮತ್ತೆ ಬರಬೇಕು. ಅಷ್ಟು ದೊಡ್ಡವರು ಒಪ್ಪಿಕೊಂಡ ಮಾತನ್ನು ಅರ್ಧಕ್ಕೆ ಬಿಡುತ್ತಾರೆಯೇ? ಹಾಗೆ ಸುತ್ತುತ್ತಲೇ ಇದ್ದರು. ಇನ್ನೊಬ್ಬರು ಇನ್ನೊಂದು ಸಲ ಹೇಳುವ ಅಗತ್ಯವೇ ಬೀಳಲಿಲ್ಲ. ಧೂಳು ಎಣಿಸುವ ಯಂತ್ರ ಸೊನ್ನೆ ತೋರಿಸಿತು. ಮಿರಜಕರ್ ಚಪ್ಪಾಳೆ ತಟ್ಟಿದರು, ಶೇಷಗಿರಿ ಅಳುವವರಂತೆ ನಕ್ಕರು.

ಅಮ್ಮ ನನ್ನ ಕಡೆ ತಿರುಗಿ ಏನೋ ಹೇಳಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಇನ್ನೊಂದು ಸಲ ಹೇಳಿದಳು. ಆಗಲೂ ಬರಲಿಲ್ಲ. ನನಗೆ ಆ ಚಪ್ಪಾಳೆ ಹೊಡೆಯುವ ಕೈಗಳನ್ನೆಲ್ಲ ಹಿಡಿದು ಮುರಿಯಬೇಕೆನಿಸಿತು. ಅವಳ ದನಿ ಉಳಿಸಲೆಂದು ಮಾಡಿದ ಪಂಪು ಅದನ್ನೇ ತಿಂದು ಹೊರಟಿತ್ತು.

ಆಮೇಲೆ ಮನೆಯಲ್ಲಿ ಎಲ್ಲವನ್ನೂ ನಾನೇ ಕರೆಯುತ್ತಿದ್ದೆ. ಅಮ್ಮನ ಸ್ನಾನದ ನೀರು, ಕುಡಿಯುವ ನೀರು, ಮಜ್ಜಿಗೆ, ತಲೆಗೆ ಹಚ್ಚುವ ಎಣ್ಣೆ. ಅವಳು ಲೋಟ ಹಿಡಿದು ನಿಲ್ಲುತ್ತಿದ್ದಳು, ನಾನು ಕರೆಯುತ್ತಿದ್ದೆ, ಅವಳು ನನ್ನ ಕರೆಯುವ ರೀತಿಗೆ ಹುಬ್ಬು ಗಂಟಿಕ್ಕುತ್ತಿದ್ದಳು. ಡಾಕ್ಟರು ಪ್ರತಿ ಸಲ ದೀಪ ಬಿಟ್ಟು ನೋಡಿ "ನೋಡೋಣ" ಅನ್ನುತ್ತಿದ್ದರು. ನಾನು ಕಾರ್ಖಾನೆಯಲ್ಲಿ ಆ ಪಂಪಿನ ಮುಂದೆ ಹಾದುಹೋಗದೆ ಸುತ್ತುಬಳಸಿ ಓಡಾಡುತ್ತಿದ್ದೆ. ಕಂಪನಿ ನನಗೊಂದು ಶಾಲು ಹೊದಿಸಿತು. ಅದನ್ನು ಬೀರುವಿನ ಮೇಲೆ ಎಸೆದೆ. ಅಮ್ಮ ಕುರ್ಚಿ ಹಾಕಿಕೊಂಡು ಹತ್ತಿ ಅದನ್ನು ಇಳಿಸಿ, ಮಡಿಸಿ, ಒಳಗಿಟ್ಟು, ನನ್ನ ತಲೆಗೆ ಒಂದು ಮೊಟಕಿದಳು.

ಹೀಗೇ ಒಂದು ಬೆಳಿಗ್ಗೆ ಕೆಲಸಕ್ಕೆ ಹೊತ್ತಾಗಿತ್ತು. ಅಮ್ಮ ಬಾಗಿಲ ಹತ್ತಿರದ ಮಣೆಯ ಮೇಲೆ ಕೂತಿದ್ದಳು. ನಾನು ಅವಸರದಲ್ಲಿ ಕಾಫಿ ಪಾತ್ರೆಯನ್ನು ಲೋಟದ ಮೇಲೆ ಬಗ್ಗಿಸಿ "ಬಾ ಬಾ ಬೇಗ" ಎಂದೆ. ಬರಲಿಲ್ಲ. ಪಾತ್ರೆ ಕುಲುಕಿ, "ಬಾರೋ, ನಿನ್ನದೊಂದು ಬೇರೆ" ಎಂದೆ. ಹನಿಯೂ ಬೀಳಲಿಲ್ಲ.

"ಹಂಗಾ ಕರಿಯೋದು?"

ತೆಂಗಿನ ತುರಿಮಣೆಗೆ ಲೋಹ ಉಜ್ಜಿದಂತಿತ್ತು ಆ ದನಿ. ನಾನು ತಿರುಗಿ ನೋಡಿದೆ. ಅಮ್ಮನೂ ತನ್ನ ದನಿ ಕೇಳಿ ಬೆಚ್ಚಿ, ಗಂಟಲ ಮೇಲೆ ಕೈ ಇಟ್ಟುಕೊಂಡಿದ್ದಳು. ಆಮೇಲೆ, ಪರೀಕ್ಷೆ ಮಾಡುವವಳ ಹಾಗೆ, ಸಣ್ಣಗೆ "ಬಾರೇ" ಎಂದಳು. ಕಾಫಿಗೆ ಹೇಳಿದಳೋ ನನಗೋ ಗೊತ್ತಾಗಲಿಲ್ಲ. ಪಾತ್ರೆಯಿಂದ ಕಾಫಿ ಧುಮುಕಿ, ಲೋಟ ತುಂಬಿ, ಕಟ್ಟೆ ತುಂಬಿ, ನೆಲಕ್ಕೆ ಇಳಿದು ಅವಳ ಕಡೆ ಹರಿಯತೊಡಗಿತು. ಕಾಫಿಗಿಂತ ಮೊದಲು ನಾನು ಹೋಗಿ ಅವಳನ್ನು ಮುಟ್ಟಿದ್ದೆ.